‘ಮುಟ್ಟಬ್ಯಾಡ್ರಿ, ನಾನು ಆಸ್ತಿ!’

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಒಂದು ಮನೆ. ಎಂಟನೇ ಕ್ಲಾಸಿನ ಹುಡುಗನಿಗೆ ಬೆಂಗಳೂರಿನ ಚಿಕ್ಕಪ್ಪ ತಂದುಕೊಟ್ಟ ಪೋಕೆಮಾನ್ ಕಾರ್ಡಿನ ಪ್ಯಾಕೆಟ್ ಈಗ ಹುಡುಗನ ಕೈಯಲ್ಲಿಲ್ಲ. ಬೀರುವಿನ ಒಳಖಾನೆಯಲ್ಲಿ, ಕುರುಗೋಡಿನ ಹೊಲದ ಪಹಣಿಗೂ ಅಜ್ಜಿಯ ಬೋರಮಾಳ ಸರಕ್ಕೂ ನಡುವೆ, ಸ್ಟೀಲ್ ಡಬ್ಬಿಯೊಳಗಿದೆ. ಹುಳ ಹತ್ತದಿರಲೆಂದು ಜೊತೆಗೆರಡು ಡಾಂಬರು ಗುಳಿಗೆ. ಒಂದು ಕಾರ್ಡು ಕೋಟಿಗಟ್ಟಲೆಗೆ ಹೋದ ಸುದ್ದಿಯನ್ನು ಹುಡುಗನ ಅಪ್ಪ ಮೊಬೈಲಿನಲ್ಲಿ ನೋಡಿದ್ದೇ ಇಷ್ಟಕ್ಕೆಲ್ಲ ಕಾರಣ. ಹರಿಯಬೇಕೋ ಹಾಗೇ ಇಡಬೇಕೋ ಎಂದು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಕಡೆಯ ನೆಂಟರು ಕೂತು ಪಂಚಾಯ್ತಿ ಮಾಡಿ, ಊಟ ಮಾಡಿ, ತೀರ್ಮಾನವಾಗದೆ ಎದ್ದಿದ್ದಾರೆ. ಹುಡುಗನನ್ನು ಯಾರೂ ಕೇಳಿಲ್ಲ.

ಪ್ಯಾಕೆಟ್ಟನ್ನಾದರೂ ಕೇಳೋಣವೆಂದು ನಾವು ಹೋದಾಗ ತಾತ ಉಡಿದಾರಕ್ಕೆ ಕಟ್ಟಿದ್ದ ಕೀಲಿ ಬಿಚ್ಚಿ, ‘ಮಾತು ಎಷ್ಟರ ಆಡ್ರಿ, ಕೈ ಮಾತ್ರ ಬೆನ್ನ ಹಿಂದ ಇರ್ಲಿ’ ಎಂದು ಷರತ್ತು ಹಾಕಿದರು. ಬೆಳ್ಳಿಬಣ್ಣದ ಹಾಳೆಯ ಪುಟ್ಟ ದೇಹ, ಮೇಲೂ ಕೆಳಗೂ ಹಲ್ಲುಹಲ್ಲಾದ ಅಂಚು, ಅರ್ಧ ಕಿತ್ತ ಬೆಲೆಚೀಟಿ. ಪೂರ್ತಿ ಕಿತ್ತರೆ ಗೀರು ಬೀಳುತ್ತದೆಂದು ಹುಡುಗನ ಅವ್ವ ಮಧ್ಯದಲ್ಲೇ ತಡೆದರಂತೆ.

ನಮಸ್ಕಾರ. ಬೀರುವಿನ ವಾಸ ಹೇಗಿದೆ?

ಪ್ಯಾಕೆಟ್: ನಮಸ್ಕಾರ್ರಿ. ಅಂತಸ್ತು ಏರೈತಿ ನೋಡ್ರಿ. ಮೊನ್ನೆತನಕ ಅಂಗಡ್ಯಾಗ ಕೊಕ್ಕಿಗೆ ಜೋತಾಡ್ತಿದ್ದೆ, ಈಗ ಬಲಕ್ಕ ಪಹಣಿ, ಎಡಕ್ಕ ಬಂಗಾರ. ಪಹಣಿಗೆ ಭಾಳ ಸೊಕ್ಕು. ‘ನಿನ್ನ ಮ್ಯಾಲ ಸಾಲ ಹುಟ್ತೈತೇನು?’ ಅಂತ ಕೇಳ್ತು. ಬ್ಯಾಂಕಿನಾಗ ಹುಟ್ಟಲ್ಲ, ಮನ್ಯಾಗ ಹುಟ್ತೈತಿ ಅಂದೆ. ನನ್ನ ಹೆಸರಿನ ಮ್ಯಾಲ ಆಗ್ಲೇ ಒಂದು ಬೋರ್‌ವೆಲ್ಲು, ಒಂದು ಸೆಕೆಂಡ್ ಹ್ಯಾಂಡ್ ಬುಲೆರೊ ಮಾತುಕತಿ ಆಗೈತಿ.

ನಿಮ್ಮೊಳಗೆ ಏನಿದೆ?

ಪ್ಯಾಕೆಟ್: ಹತ್ತು ಕಾರ್ಡು.

ಯಾವ ಹತ್ತು?

ಪ್ಯಾಕೆಟ್: ಅದೊಂದು ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ, ಗೊತ್ತಾದ ದಿನ ನನ್ನ ಧಂದಾ ಮುಗೀತು. ಈಗ ಒಳಗ ಬೆಂಕಿ ಉಗುಳೋ ಚಾರಿಜಾರ್ಡ್ ಇರಬೌದು. ಹರಿದ್ರ ಹತ್ತು ರೂಪಾಯಿಗೂ ಯಾರೂ ಕೇಳದ ಹುಳಾನೋ ಮೀನೋ ಬರಬೌದು. ಹರಿಯೋತನಕ ಮನೆಮಂದಿ ಎಲ್ಲಾರೂ ಸಾವ್ಕಾರ್ರು.

ಅಪ್ಪ ನೋಡಿದ ಸುದ್ದಿ ಯಾವುದು?

ಪ್ಯಾಕೆಟ್: ಪಿಕಾಚು ಇಲ್ಲಸ್ಟ್ರೇಟರ್ ಅಂತ ಕಾರ್ಡು. ಲೋಗನ್ ಪಾಲ್ ಅನ್ನೋ ಯೂಟ್ಯೂಬಿನವ 2021ರಾಗ 52.75 ಲಕ್ಷ ಡಾಲರ್ ಲೆಕ್ಕಕ್ಕ ತಗೊಂಡ. ನಮ್ಮ ದುಡ್ಡಿನಾಗ ಆಗ ಹತ್ತತ್ರ 39 ಕೋಟಿ. ಮುಂದಿನ ವರ್ಷ ರೆಸಲ್‌ಮೇನಿಯಾ ಕುಸ್ತಿಗೆ ಅದನ್ನ ಕೊರಳಿಗೆ ತೂಗಿಹಾಕ್ಕೊಂಡು ಬಂದ. ಹುಡುಗನ ಅಪ್ಪ ಸಣ್ಣವರಿದ್ದಾಗ ಕುಸ್ತಿಯವರ ಟ್ರಂಪ್ ಕಾರ್ಡ್ ಆಡಿ ಬೆಳೆದೋರು. ಅಂಡರ್‌ಟೇಕರ್ ಎತ್ತರ ಎಷ್ಟು, ತೂಕ ಎಷ್ಟು ಅಂತ ಇವತ್ತಿಗೂ ಬಾಯಿಪಾಠ. ಕುಸ್ತಿ ಕಣದಾಗ ಕಾರ್ಡು ಮೆರೆಯೋದು ನೋಡಿ ಅವರ ಎದಿ ಝಲ್ ಅಂತು.

ಆದರೆ ಆ ಕಾರ್ಡು ಯಾವ ಪ್ಯಾಕೆಟ್ಟಿನಲ್ಲೂ ಬಂದದ್ದೇ ಅಲ್ಲವಲ್ಲ? ಜಪಾನಿನ ಕೊರೊಕೊರೊ ಎಂಬ ಮಕ್ಕಳ ಪತ್ರಿಕೆ 1997–98ರಲ್ಲಿ ಚಿತ್ರಸ್ಪರ್ಧೆ ನಡೆಸಿ ಗೆದ್ದವರಿಗೆ ಬಹುಮಾನವಾಗಿ ಕೊಟ್ಟದ್ದು.

ಪ್ಯಾಕೆಟ್: ಮೆಲ್ಲಕ! ತಾತ ಪಡಸಾಲ್ಯಾಗ ಅದಾರ. ಬೋರ್‌ವೆಲ್ ಪಾಯಿಂಟು ನೋಡೋ ಮನುಷ್ಯಾಗ ಆಗ್ಲೇ ಅಡ್ವಾನ್ಸ್ ಹೋಗೈತಿ.

(ಇಲ್ಲಿ ಸಂದರ್ಶಕರ ಒಂದು ಮಾತು. ನಮ್ಮ ಕಡೆ ಬೋರು ಕೊರೆಯುವುದೂ ಹೆಚ್ಚುಕಡಿಮೆ ಇದೇ ಜಾತಿಯ ವ್ಯವಹಾರ. ಪ್ಯಾಕೆಟ್ಟಿನಲ್ಲಿ ಕನಿಷ್ಠ ಕಾರ್ಡಾದರೂ ಇರುತ್ತದೆ.)

ನೆಂಟರ ಪಂಚಾಯ್ತಿಯಲ್ಲಿ ಏನಾಯಿತು?

ಪ್ಯಾಕೆಟ್: ಸಿರುಗುಪ್ಪದ ಮಾವ ಮೊದಲು ಬಾಯಿ ಬಿಟ್ರು. ಅವರದು ರೈಸ್‌ಮಿಲ್ಲು. ‘ಹೊಸ ಸೋನಾ ಮಸೂರಿ ಬೇಯ್ಸಿದ್ರ ಮುದ್ದಿ ಆಗ್ತೈತಿ, ಹಳೇದು ಉದುರುದುರು ಆಗ್ತೈತಿ. ಅದಕ್ಕ ಹಳೇ ಅಕ್ಕಿಗೆ ರೇಟ್ ಜಾಸ್ತಿ. ಇದನ್ನೂ ಹಳೇದಾಗಾಕ ಬಿಡ್ರಿ’ ಅಂದ್ರು. ತೂಕದ ಮಾತು. ನಾನು ಅಕ್ಕಿಗಿಂತ ಒಂದು ಕೈ ಮೇಲು, ನನಗ ನುಸಿ ಬೀಳಲ್ಲ.

ಹಳೇ ಅಕ್ಕಿಗೆ ಬೆಲೆ ಬರುವುದು ಕೊನೆಗೊಬ್ಬರು ಅನ್ನ ಮಾಡಿ ಉಣ್ಣುತ್ತಾರೆ ಅನ್ನುವುದಕ್ಕಲ್ಲವೇ? ಲೋಕದಲ್ಲಿ ಯಾರೂ ಪ್ಯಾಕೆಟ್ ಹರಿಯದೆ ಎಲ್ಲರೂ ಬೀರುವಿನಲ್ಲೇ ಇಟ್ಟರೆ ನಿಮ್ಮ ಗತಿ?

ಪ್ಯಾಕೆಟ್: ಅಯ್ಯಯ್ಯೋ, ಹಂಗ ಮಾತ್ರ ಅನ್ನಬ್ಯಾಡ್ರಿ! ಹರೀಬೇಕು, ಹರೀಲೇಬೇಕು. ಆದ್ರ ಬ್ಯಾರೆಯವರು ಹರೀಬೇಕು. ನನ್ನ ಕೂಡ ಹುಟ್ಟಿದ ಲಕ್ಷಾಂತರ ಪ್ಯಾಕೆಟ್ಟನ್ನ ಕಂಡೋರ ಮಕ್ಕಳು ಹರಿದು, ಆಡಿ, ಮಡಚಿ, ಬೆವರು ಹಚ್ಚಿ, ಕಳಕೊಂಡ್ರ ಉಳಿದ ನಾನು ಬಂಗಾರ. ಅಮೆರಿಕದಾಗ 1952ರಾಗ ಟಾಪ್ಸ್ ಅನ್ನೋ ಕಂಪನಿ ಬೇಸ್‌ಬಾಲ್ ಆಟಗಾರರ ಕಾರ್ಡು ಅಚ್ಚು ಹಾಕ್ತು. ಮಾರಾಟ ಆಗಲಾರದ ಪೆಟ್ಟಿಗೆಗಳು ಗೋದಾಮಿನಾಗ ಕೂತುಬಿಟ್ವು. 1960ರಾಗ ಜಾಗ ಖಾಲಿ ಮಾಡಬೇಕಂತ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕ ಸುರುವಿ ಬಂದೆ ಅಂತ ಆ ಕಂಪನಿಯ ಸೈ ಬರ್ಗರ್ ಅನ್ನೋರೇ ಹೇಳ್ಯಾರ. ಉಳಿದ ಚೂರುಪಾರಿನಾಗ ಮಿಕಿ ಮ್ಯಾಂಟಲ್ ಅನ್ನೋ ಆಟಗಾರನ ಒಂದು ಕಾರ್ಡು 2022ರಾಗ 1.26 ಕೋಟಿ ಡಾಲರಿಗೆ ಹೋತು. ಅಂದಾಜು 100 ಕೋಟಿ ರೂಪಾಯಿ!

ನಮ್ಮ ರೈತರೂ ಬೆಲೆ ಬಿದ್ದಾಗ ಈರುಳ್ಳಿ, ಟೊಮೆಟೊ ರಸ್ತೆಗೆ ಸುರಿಯುತ್ತಾರೆ. ಉಳಿದದ್ದಕ್ಕೆ ಕೋಟಿ ಬಂದದ್ದು ಕೇಳಿಲ್ಲ.

ಪ್ಯಾಕೆಟ್: ಈರುಳ್ಳಿ ಅರವತ್ತು ವರ್ಷ ತಡೀತೈತೇನ್ರಿ?

ಹರಿಯಿರಿ ಎಂದವರು ಯಾರೂ ಇಲ್ಲವೇ?

ಪ್ಯಾಕೆಟ್: ಬಳ್ಳಾರಿ ಅತ್ತಿ ಒಬ್ಬರೇ. ಅವರದು ಜೀನ್ಸ್ ಹೊಲಿಯೋ ಯುನಿಟ್ಟು. ‘ನಮ್ಮ ಮಾಲು ನೋಡ್ರಿ. ನೆಟ್ಟಗಿರೋ ಪ್ಯಾಂಟಿಗೆ ಒಂದು ರೇಟು, ಮೊಣಕಾಲಿಗೆ ಬ್ಲೇಡ್ ಹಾಕಿ ದಾರ ಎಬ್ಬಿಸಿದ್ರ ಅದಕ್ಕಿಂತ ಜಾಸ್ತಿ. ಹರಿದ್ರ ರೇಟ್ ಏರೋ ಊರಾಗ ಕುಂತು ಹರೀಲೋ ಬ್ಯಾಡೋ ಅಂತೀರಲ್ಲ!’ ಅಂತ ನಕ್ಕರು. ಪಡಸಾಲಿ ಗಪ್‌ಚುಪ್ ಆತು. ನನಗೂ ಒಂದು ಗಳಿಗಿ ಹಾಳಿ ತಣ್ಣಗಾತು. ಅಷ್ಟರಾಗ ಅತ್ತಿ ಮಾತು ಮುಂದುವರಿಸಿ ‘ಫ್ಯಾಶನ್ನು ಆರು ತಿಂಗಳಿಂದು. ಬೆಲ್‌ಬಾಟಂ ಕಟ್ಟಿಟ್ಟೋರು ಏನಾದ್ರು?’ ಅಂದ್ರು. ಅದೇ ತಪ್ಪಾತು. ಮಾವ ‘ಬೆಲ್‌ಬಾಟಂ ತಿರುಗಿ ಬಂತಲ್ಲ ಅಕ್ಕಾ’ ಅಂದುಬಿಟ್ಟರು. ನಾನು ಉಳಕೊಂಡೆ.

ತಾತನ ನಿಲುವು?

ಪ್ಯಾಕೆಟ್: ತಾತಂದು ಕುರುಗೋಡು ಕಡೆ ಹೊಲ, ಮೆಣಸಿನಕಾಯಿ ಬೆಳಿತಾರ. ಇಡೋ ವಿದ್ಯೆ ಅವರಿಗೆ ಹೇಳಿಕೊಡಬೇಕಾ? ಡಬ್ಬಿ ಜಾತಿ ಕಾಯಿ ಕೋಲ್ಡ್ ಸ್ಟೋರೇಜಿಗೆ ಹಾಕ್ತಾರ, ರಸೀದಿ ತಗೊಂತಾರ, ರೇಟ್ ಬರಲಿ ಅಂತ ಕೂಡ್ತಾರ. ತಂಪಿನಾಗ ಬಣ್ಣ ಹಿಡಿದಿರ್ತೈತಿ. ರೇಟು ಮಾತ್ರ ತಂಪಿನಾಗ ಇಟ್ಟರೂ ಕೆಡ್ತೈತಿ. ಒಂದು ವರ್ಷ ಒಳ್ಳೆ ರೇಟು ಬಂದಾಗ ‘ಇನ್ನಾ ಏರ್ತೈತಿ’ ಅಂದು ಬಿಡಲಿಲ್ಲ. ಆಮ್ಯಾಲ ಇಳೀತು. 2024ರ ಮಾರ್ಚ್ 11ಕ್ಕ ಬ್ಯಾಡಗಿ ಮಾರ್ಕೆಟ್ಟಿನಾಗ ರೇಟು ಕುಸಿದು, ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತಲ್ಲ, ಆ ದಿನ ತಾತ ಟಿವಿ ಮುಂದ ಕೂತು ಒಂದು ಮಾತೂ ಆಡಲಿಲ್ಲಂತ. ಚೀಲ ಕೋಲ್ಡ್ ಸ್ಟೋರೇಜಿನಾಗ, ಬಾಡಿಗಿ ಮೀಟರು ಓಡ್ತಾ.

ಅಷ್ಟು ಪೆಟ್ಟು ತಿಂದವರು ನಿಮ್ಮನ್ನು ಬೇಗ ಮಾರಿಬಿಡಿ ಎನ್ನಬೇಕಿತ್ತು.

ಪ್ಯಾಕೆಟ್: ನೀವು ಬೆಳೆಗಾರ್ರ ಮನ್ಯಾಗ ಹುಟ್ಟಿದೋರಲ್ಲ ಬಿಡ್ರಿ. ಕಾಯಿಂದ ಹೋದದ್ದನ್ನ ಕಾರ್ಡಿಂದ ತೆಗೀಬೇಕಂತ ಅವರ ಹಟ. ನನಗೇನು ಬಾಡಿಗಿ ಇಲ್ಲ, ಹಮಾಲಿ ಇಲ್ಲ, ದಲಾಲಿ ಇಲ್ಲ. ‘ಮೆಣಸಿನಕಾಯಿ ಕೂಡ ಇಷ್ಟು ಸುಮ್ನ ಬಿದ್ದಿದ್ದಿಲ್ಲ’ ಅಂತ ದಿನಾ ಡಬ್ಬಿ ತೆಗೆದು ನೋಡಿ ತೃಪ್ತಿ ಪಡ್ತಾರ.

ನಿಮ್ಮನ್ನು ತೂಕಕ್ಕೂ ಹಾಕಿದರಂತೆ?

ಪ್ಯಾಕೆಟ್: ಮರ್ಯಾದಿ ಹೋತು ಅವತ್ತು. ಹಳೇ ಪ್ಯಾಕೆಟ್ಟಿನಾಗ ಮಿಂಚೋ ಕಾರ್ಡಿದ್ರ ತೂಕ ಕೂದಲೆಳಿಯಷ್ಟು ಹೆಚ್ಚು ಬರ್ತಿತ್ತಂತ. ಅಮೆರಿಕದಾಗ ಅಂಗಡಿಯವರು ಭಾರದವನ್ನ ತಾವು ಇಟ್ಕೊಂಡು ಹಗರದವನ್ನ ಹುಡುಗರಿಗೆ ಮಾರ್ತಿದ್ರಂತ. ಅದನ್ನ ಕೇಳಿ ಅಪ್ಪ ನನ್ನ ಪರಿಚಯದ ಅಕ್ಕಸಾಲಿ ಹತ್ರ ಒಯ್ದರು. ಅವ ತಕ್ಕಡ್ಯಾಗಿಟ್ಟು, ಹಣಿ ಗಂಟು ಹಾಕಿ, ‘ಕಲ್ಲು ಕಳದು ತೂಗ್ಲೇನ್ರಿ?’ ಅಂದ.

ಈಗ ತಕ್ಕಡಿಯೂ ಹಳತಾಯಿತು. 2024ರಲ್ಲಿ ಅಮೆರಿಕದ ಒಂದು ಕಂಪನಿ ಸೀಲ್ ಒಡೆಯದೆಯೇ ಸಿಟಿ ಸ್ಕ್ಯಾನ್ ಮಾಡಿ ಒಳಗಿನ ಕಾರ್ಡು ಹೇಳುವುದಾಗಿ ಮುಂದೆ ಬಂತು.

ಪ್ಯಾಕೆಟ್: ಕೇಳೀನಿ, ನಿದ್ದಿ ಬರಲಿಲ್ಲ. ಸೀಲೂ ಉಳೀತೈತಿ, ಗುಟ್ಟೂ ಹೋಗ್ತೈತಿ ಅಂದ್ರ ನಾನ್ಯಾಕ ಇರಬೇಕು? ಪುಣ್ಯಕ್ಕ ನಮ್ಮ ಕಡೆ ಮನುಷ್ಯಾರ ಸ್ಕ್ಯಾನಿಗೇ ಸರದಿ ಇರ್ತೈತಿ. ನನ್ನ ಪಾಳಿ ಬರೋದ್ರಾಗ ಈ ಹುಡುಗ್ಗ ಮದುವಿ ಆಗಿರ್ತೈತಿ.

ಕೊಂಚ ಮುಜುಗರದ ಪ್ರಶ್ನೆ. ನೀವು ಅಸಲಿಯೇ? ಜಾತ್ರೆಯ ಅಂಗಡಿಗಳಲ್ಲಿ ಬಂಗಾರದ ಬಣ್ಣದ ಪೋಕೆಮಾನ್ ಕಾರ್ಡು ಕಟ್ಟುಗಟ್ಟಲೆ ಸಿಗುತ್ತವೆ.

ಪ್ಯಾಕೆಟ್: ಏನ್ ಮಾತಾಡ್ತೀರಿ! ನಾನು ಬೆಂಗಳೂರು ಮಾಲು. ಹಂಗೂ ಒಂದು ಮಾತು ಹೇಳ್ತೀನಿ, ನಕಲಿ ಅನ್ನೋದು ಹರಿದ ಮ್ಯಾಲ ಹುಟ್ಟೋ ಮಾತು. ಅದೇ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಸೀಲ್ ಒಡೀದ ಹಳೇ ಪೋಕೆಮಾನ್ ಪೆಟ್ಟಿಗಿ ತಂದಿದ್ದ. ಅಸಲಿ ಅಂತ ತಿಳಿದೋರು ಮುದ್ರಿ ಒತ್ತಿದ್ರು. 2022ರ ಜನವರ್‍ಯಾಗ ಶಿಕಾಗೋದಾಗ ಕ್ಯಾಮೆರಾ ಮುಂದ ಒಡೆದ್ರ ಒಳಗ ಬ್ಯಾರೆ ಆಟಿಕೆ ಸಿಪಾಯಿಗಳ ಕಾರ್ಡು, ಜಿ.ಐ. ಜೋ! ಹಿಂದಿನ ದಿನದತನಕ ಆ ಪೆಟ್ಟಿಗಿ 26 ಕೋಟಿ ಬಾಳ್ತಿತ್ತು. ತಪ್ಪು ಯಾರದು? ಒಡೆದೋರದು.

ಹಾಗಾದರೆ ಸೀಲು ಅನ್ನುವುದಕ್ಕೆ ಅರ್ಥವೇ ಇಲ್ಲ. ಬಳ್ಳಾರಿಯವರಿಗೆ ಇದು ಹೊಸದೇನಲ್ಲ. 2010ರಲ್ಲಿ ಬೇಲೆಕೇರಿ ಬಂದರಿನಲ್ಲಿ ಸರ್ಕಾರ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ಜಪ್ತಿಯಲ್ಲಿದ್ದಂತೆಯೇ ಹಡಗು ಹತ್ತಿ ಹೋಯಿತು.

ಪ್ಯಾಕೆಟ್: ಹೋಲಿಕಿ ಸರಿ ಇಲ್ರಿ. ಅದಿರು ಬಯಲಿನಾಗ ಬಿದ್ದಿತ್ತು, ಹೋದದ್ದು ಗೊತ್ತಾತು. ನಮ್ಮ ಪೈಕಿ ಕೆಲವರನ್ನ ಅಂಚು ಬಿಡಿಸಿ, ಒಳ್ಳೇದು ತೆಗೆದು, ಸಾದಾದು ತುಂಬಿ, ತಿರುಗಿ ಅಂಟಿಸಿ ಮಾರ್ತಾರ. ಹೊರಗಿಂದ ಒಂದು ಗೆರಿ ಕಾಣಲ್ಲ. ಸುಧಾರಣೆ ಅಂದ್ರ ಇದು.

ನಿಮಗೊಬ್ಬ ಅಣ್ಣ ಇದ್ದನಂತೆ?

ಪ್ಯಾಕೆಟ್: (ತಡೆದು) ಯಾರು ಹೇಳಿದ್ರು? ಹೌದು, ಚಿಕ್ಕಪ್ಪ ತಂದದ್ದು ಎರಡು ಪ್ಯಾಕೆಟ್ಟು. ಅಪ್ಪ ಮೊಬೈಲಿನಿಂದ ಕಣ್ಣೆತ್ತೋದ್ರಾಗ ಅಣ್ಣನ್ನ ಹುಡುಗ ಹಲ್ಲಿನಿಂದ ಹರಿದಿದ್ದ. ಅವನ ಹಾಳಿ ಆವತ್ತೇ ಕಸದ ಗಾಡಿಗೆ ಹೋತು. ಒಳಗಿನ ಹತ್ತೂ ಈಗ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಹುಡುಗನ ಚಡ್ಡಿ ಜೇಬಿನಾಗ ಅದಾವ.

ಅವುಗಳಲ್ಲಿ ಬೆಲೆಬಾಳುವುದೇನಾದರೂ ಇತ್ತೇ?

ಪ್ಯಾಕೆಟ್: ಒಂದಿತ್ತು. ಚಲೋ ಮಿಂಚೋದೇ ಇತ್ತು. ಗಾಜಿನಂಥ ಡಬ್ಬಿಯಾಗ ಹಾಕಿ ಒಂದರಿಂದ ಹತ್ತರತನಕ ಅಂಕ ಕೊಡ್ತಾರಲ್ಲ ಗ್ರೇಡಿಂಗಿನವರು, ಹರಿದ ದಿನ ಒಯ್ದಿದ್ರ ಹತ್ತು ಬರ್ತಿತ್ತೇನೋ. ಈಗ ಅದರ ಒಂದು ಮೂಲಿ ಮಡಚೈತಿ, ಇನ್ನೊಂದು ಮೂಲಿಗೆ ಮಿರ್ಚಿ ಎಣ್ಣಿ. ಹುಡುಗ ಮಂಡಕ್ಕಿ ಒಗ್ಗರಣಿ ತಿನ್ನೋವಾಗೂ ಕಾರ್ಡು ಕೆಳಗಿಡಲ್ಲ. ನೋಡಿದ ತಾತ ಎದಿ ಬಡಕೊಂಡ್ರು.

ಹುಡುಗನಿಗೆ ಬೇಸರವಿಲ್ಲವೇ?

ಪ್ಯಾಕೆಟ್: ಅವನಿಗಾ? ಓಣ್ಯಾಗ ಆ ಎಣ್ಣಿ ಮೂಲಿ ಕಾರ್ಡಿಗೆ ‘ಮಿರ್ಚಿ’ ಅಂತ ಹೆಸರು ಬಿದ್ದೈತಿ. ಅದನ್ನ ಎಸೆದ್ರ ಎದುರಿನೋರು ಕೈ ಮುಗೀತಾರ. ಎರಡು ಬೇಯ್‌ಬ್ಲೇಡು, ಒಂದು ಟೆನಿಸ್ ಬಾಲು ಕೊಡ್ತೀನಿ ಅಂದ್ರೂ ಕೊಟ್ಟಿಲ್ಲ ಅವ. ರಾತ್ರಿ ದಿಂಬಿನ ಬುಡಕ್ಕ ಇಟ್ಕೊಂಡು ಮಲಗ್ತಾನ. ನನ್ನ ನೆನಪು ಅವನಿಗೆ ಇದ್ದಂಗ ಇಲ್ಲ.

ಕೇಳಿದರೆ ನೀವು ಹೊಟ್ಟೆಕಿಚ್ಚುಪಡುವಂತಿದೆ.

ಪ್ಯಾಕೆಟ್: ಆಸ್ತಿಗೆ ಹೊಟ್ಟಿ ಎಲ್ಲೈತ್ರಿ? ಅದು ಬಿಡ್ರಿ, ವಿಷಯಕ್ಕ ಬರ್‍ರಿ. ಆ ಓಣಿ ಹುಡುಗರ ಹತ್ರ ಇನ್ನೂ ನಾಕೈದು ಪ್ಯಾಕೆಟ್ಟು ಹರೀದಂಗ ಅದಾವಂತ. ನಮ್ಮ ತಾತನ್ನ ನೋಡಿ ಅವರ ಮನಿಯವರೂ ಬೀರುಗೆ ಸೇರ್ಸಾಕ ಹೊಂಟಾರ. ಹಿಂಗಾದ್ರ ನನ್ನ ರೇಟ್ ಏನಾಗಬೇಕು? ನಿಮ್ಮ ಪೇಪರಿನಾಗ ಒಂದು ಚಲೋ ಲೇಖನ ಹಾಕ್ರಿ. ಮಕ್ಕಳ ಆಟಿಗಿ ಕಸಕೊಂಡು ಬೀರುವಿನಾಗ ಇಡೋದು ಪಾಪ, ಕೊಟ್ಟುಬಿಡ್ರಿ, ಹರಕೊಂಡು ಆಡ್ಲಿ ಅಂತ. ದೊಡ್ಡ ಅಕ್ಷರದಾಗ ಹಾಕ್ರಿ. ನಮ್ಮ ಮನಿ ಅಡ್ರೆಸ್ ಮಾತ್ರ ಹಾಕಬ್ಯಾಡ್ರಿ.