ಪಾಲಿಯೆಸ್ಟರ್ ಪೈಜಾಮದ ಚಟಪಟ

ಬೀಜಿಂಗಿನ ಟೆಂಪಲ್ ಆಫ್ ಹೆವನ್ ಉದ್ಯಾನದಲ್ಲಿ ಬೆಳಗಾಯಿತೆಂದರೆ ತೈ ಚಿ. ಮೇಷ್ಟ್ರ ಬಿಳಿ ದಿರಿಸು ಅಪ್ಪಟ ರೇಷ್ಮೆಯಂತೆ ಮಿನುಗುತ್ತದೆ. ಮುಟ್ಟಿ ನೋಡಿದರೆ ಎಷ್ಟೋ ಸಲ ಪಾಲಿಯೆಸ್ಟರ್!

ಅಲ್ಲಿಯ ಚಳಿಗಾಲ ಮಹಾ ಒಣಕಲು. ಪೈಜಾಮ ಕಾಲಿಗಂಟಿ ಚಟಪಟ ಎನ್ನುತ್ತದೆ. ಹೊಸ ಶಿಷ್ಯ ಅದನ್ನೇ ‘ಚೀ’ ಶಕ್ತಿ ಎದ್ದಿತೆಂದು ಹಿಗ್ಗಿದರೆ ಗುರುಗಳು ಏನು ಹೇಳಿಯಾರು, ಪಾಪ? ಅದು ಬರೀ ಸ್ಥಾಯಿ ವಿದ್ಯುತ್ತು. ಸಾಮಾನ್ಯ ಹವೆಯಲ್ಲಿ ರೇಷ್ಮೆ ತನ್ನ ತೂಕದ ಸುಮಾರು ಶೇ. 11ರಷ್ಟು ತೇವ ಹಿಡಿದಿಡುತ್ತದೆ, ಹತ್ತಿ ಶೇ. 8ರಷ್ಟು, ಪಾಲಿಯೆಸ್ಟರಿನ ಪಾಲು ಶೇ. 0.4. ತೇವವಿಲ್ಲದ ಬಟ್ಟೆಯಲ್ಲಿ ವಿದ್ಯುತ್ತು ಹರಿದುಹೋಗದೆ ಕೂತುಬಿಡುತ್ತದೆ.

ಹತ್ತಿಯೇನೂ ಸಾಧುವಲ್ಲ. ಬೆವರು ಕುಡಿದು ಬೇಗ ಒಣಗದೆ, ತಂಗಾಳಿ ಬೀಸಿದಾಗ ಬೆನ್ನಿಗೆ ನಡುಕ ಹುಟ್ಟಿಸುತ್ತದೆ.

ಸಾಲು ಸಾಲು ತರಗತಿ ನಡೆಸುವ ಜಾಣ ಮೇಷ್ಟ್ರ ಚೀಲದಲ್ಲಿ ಇನ್ನೊಂದು ಅಂಗಿ ಇದ್ದೇ ಇರುತ್ತದೆ. ರೇಷ್ಮೆ ತೊಟ್ಟವರಿಗೆ ಮಾತ್ರ ಮಂಡಿ ಬಗ್ಗಿಸುವಾಗಲೂ ಇಸ್ತ್ರಿಯದೇ ಧ್ಯಾನ.