ಬಿಡುಗಡೆ ದಿನಾಂಕದವರಿಗೆ ಒಂದು ಬಹಿರಂಗ ಪತ್ರ

ಗೆ,
ಶ್ರೀಯುತ ಬಿಡುಗಡೆ ದಿನಾಂಕದವರು,
ಪೋಸ್ಟರಿನ ಕೊನೆಯ ಸಾಲು.

ವಿಷಯ: ಪದೇ ಪದೇ ಮುಂದಕ್ಕೆ ಹೋಗುವ ಭಾರಿ ಬಜೆಟ್ಟಿನ ಚಿತ್ರಗಳು ಮೊದಲು ಚಿತ್ರಮಂದಿರಕ್ಕೆ ಬರಬೇಕೋ, ನೇರವಾಗಿ ಮೊಬೈಲಿಗೆ ಇಳಿಯಬೇಕೋ ಎಂಬ ಬಗ್ಗೆ.

ಮಾನ್ಯರೇ,

ಭಾರಿ ಬಜೆಟ್ಟಿನ ಚಿತ್ರಕ್ಕೆ ಶೂಟಿಂಗ್ ಮುಗಿದ ಮೇಲೂ ಖರ್ಚು ಮುಗಿಯುವುದಿಲ್ಲ. ಸೆಟ್ ಕಳಚಿರುತ್ತದೆ, ನಾಯಕ ಮುಂದಿನ ಚಿತ್ರಕ್ಕೆ ಗಡ್ಡ ಬಿಡತೊಡಗಿರುತ್ತಾನೆ, ಫೈನಾನ್ಸಿಯರನ ಬಡ್ಡಿ ಮಾತ್ರ ಭಾನುವಾರವೂ ರಜೆ ಹಾಕದೆ ಬೆಳೆಯುತ್ತಿರುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಚಿತ್ರಮಂದಿರಗಳು ಬಾಗಿಲು ಹಾಕಿದಾಗ ಎದ್ದ ಪ್ರಶ್ನೆ ಮೂಲತಃ ಈ ಬಡ್ಡಿಯದು. ಬಾಗಿಲು ತೆರೆಯುವವರೆಗೆ ಅದನ್ನು ಕಟ್ಟುತ್ತ ಕೂರುವುದೋ, ಚಿತ್ರವನ್ನು ಒಟಿಟಿಗೆ ಕೊಟ್ಟು ಸಾಲ ತೀರಿಸುವುದೋ? ಹೊರಗೆ ಮಾತ್ರ ಅದು ಕಲೆ, ಪರದೆಯ ಗಾತ್ರ, ಅಭಿಮಾನಿ ದೇವರು ಎಂಬ ಹೆಸರುಗಳಲ್ಲಿ ಚರ್ಚೆಯಾಯಿತು. ಉತ್ತರ ಹೇಳುವ ಹೊಣೆ ಕೊನೆಗೆ ಬಿದ್ದದ್ದು ಬಿಡುಗಡೆ ದಿನಾಂಕದವರ ತಲೆಯ ಮೇಲೆ. ಸದರಿಯವರು ಎರಡು ವರ್ಷ ಉತ್ತರ ಹೇಳದೆ ಜಾಗ ಬದಲಿಸುತ್ತಲೇ ಇದ್ದರು.

ಈ ವಿಷಯದಲ್ಲಿ ಪತ್ರ ಬರೆಯುವುದು ಹೊಸತೇನಲ್ಲ. 2021ರ ಆರಂಭದಲ್ಲಿ ಚಿತ್ರಮಂದಿರಗಳ ಮಾಲೀಕರು ‘ರಾಧೆ’ಯನ್ನು ಚಿತ್ರಮಂದಿರದಲ್ಲೇ ಬಿಡುಗಡೆ ಮಾಡಿ ಎಂದು ಸಲ್ಮಾನ್ ಖಾನ್ ಅವರಿಗೆ ಬರೆದರು. ಈದ್ ಹಬ್ಬಕ್ಕೆ ಬರುವುದಾಗಿ ಮಾತೂ ಸಿಕ್ಕಿತು. ಈದ್ ಬರುವ ಹೊತ್ತಿಗೆ ಎರಡನೇ ಅಲೆಯಲ್ಲಿ ದೇಶದ ಬಹುಪಾಲು ಪರದೆಗಳು ಕತ್ತಲಲ್ಲಿದ್ದವು. ಮೇ 13ರಂದು ಚಿತ್ರ 249 ರೂಪಾಯಿಗೆ ಜೀ5ನಲ್ಲಿ ಬಂತು, ನೋಡುವವರ ನೂಕುನುಗ್ಗಲಿಗೆ ಆ್ಯಪ್ ಕುಸಿಯಿತು. ಮೊದಲ ದಿನ ಟಿಕೆಟ್ ಸಿಗದೆ ಪರದಾಡುವ ಸುಖವೂ ಹೀಗೆ ಮನೆಬಾಗಿಲಿಗೇ ತಲುಪಿತು. ಅದೇ ವರ್ಷ ಯಶ್ ಅಭಿಮಾನಿಗಳು ಪ್ರಧಾನಿಗೆ ಬರೆದ ಪತ್ರವೊಂದು ಸುದ್ದಿಯಾಯಿತು. ‘ಕೆಜಿಎಫ್ ಚಾಪ್ಟರ್ 2’ ತೆರೆಕಾಣುವ ಜುಲೈ 16ನ್ನು ರಾಷ್ಟ್ರೀಯ ರಜಾದಿನವೆಂದು ಘೋಷಿಸಬೇಕೆಂಬುದು ಅದರ ಬೇಡಿಕೆ. ಜುಲೈ 16 ಬಂದಾಗ ರಜೆಯೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ನಟರಿಗೆ ಬರೆದರೂ ಪ್ರಧಾನಿಗೆ ಬರೆದರೂ ಫಲವಿಲ್ಲವೆಂದು ಕಂಡುಬಂದ ಕಾರಣ, ಈ ಪತ್ರವನ್ನು ಸದರಿ ದಿನಾಂಕದವರಿಗೇ ನೇರವಾಗಿ ಬರೆಯಲಾಗಿದೆ.

ಜಾಗ ಬದಲಿಸುವ ಪರಂಪರೆಗೆ ದೀಪ ಹಚ್ಚಿದ ಗೌರವ ಜೇಮ್ಸ್ ಬಾಂಡ್‌ಗೆ ಸಲ್ಲಬೇಕು. ‘ನೋ ಟೈಮ್ ಟು ಡೈ’ 2020ರ ಏಪ್ರಿಲ್‌ಗೆ ನಿಗದಿಯಾಗಿತ್ತು. ಹಾಲಿವುಡ್‌ನ ಉಳಿದವರು ಇನ್ನೂ ಸೋಪಿನಲ್ಲಿ ಕೈತೊಳೆಯುವ ಕ್ರಮ ಕಲಿಯುತ್ತಿದ್ದಾಗ, ಮಾರ್ಚ್ 4ರಂದೇ ಅದು ನವೆಂಬರಿಗೆ ಹೋಯಿತು. ನವೆಂಬರ್ ಹತ್ತಿರ ಬಂದಾಗ 2021ರ ಏಪ್ರಿಲ್‌ಗೆ, ಏಪ್ರಿಲ್ ಹತ್ತಿರ ಬಂದಾಗ ಅಕ್ಟೋಬರಿಗೆ. ಬಿಲ್ಲಿ ಐಲಿಶ್ ಹಾಡಿದ ಶೀರ್ಷಿಕೆ ಗೀತೆ 2020ರ ಫೆಬ್ರವರಿಯಲ್ಲೇ ಹೊರಬಂದಿತ್ತು. ಮರುವರ್ಷದ ಮಾರ್ಚ್‌ನಲ್ಲಿ ಅದಕ್ಕೆ ಗ್ರ್ಯಾಮಿಯೂ ಬಂತು, ಚಿತ್ರ ಬರಲಿಲ್ಲ. ಈ ನಡುವೆ ಸ್ಟ್ರೀಮಿಂಗ್ ಕಂಪನಿಗಳ ಜೊತೆ ಮಾತುಕತೆ ನಡೆದಿದೆ, ಕೇಳುತ್ತಿರುವ ಬೆಲೆ ಸುಮಾರು 60 ಕೋಟಿ ಡಾಲರ್ ಎಂದು ಅಮೆರಿಕದ ಪತ್ರಿಕೆಗಳು ಬರೆದವು. ಚಿತ್ರ ಮಾರಾಟಕ್ಕಿಲ್ಲ, ಪ್ರೇಕ್ಷಕರಿಗೆ ಚಿತ್ರಮಂದಿರದ ಅನುಭವ ಉಳಿಸಿಕೊಡಲೆಂದೇ ಮುಂದೂಡಲಾಗಿದೆ ಎಂದು ಬಾಂಡ್ ಚಿತ್ರದ ಒಡೆತನವಿದ್ದ ಎಂಜಿಎಂ ಸಂಸ್ಥೆ ಸ್ಪಷ್ಟನೆ ಕೊಟ್ಟಿತು. ಕೊಟ್ಟ ಮಾತಿನಂತೆ ಚಿತ್ರವನ್ನು ಮಾರಲಿಲ್ಲ. 2021ರ ಮೇ ತಿಂಗಳಲ್ಲಿ ಎಂಜಿಎಂ ಸಂಸ್ಥೆಯನ್ನೇ 845 ಕೋಟಿ ಡಾಲರಿಗೆ ಅಮೆಜಾನ್ ಕೊಳ್ಳುವ ಒಪ್ಪಂದವಾಯಿತು. ಒಡವೆ ಅಡವಿಡುವುದಿಲ್ಲವೆಂದು ಹಟ ಹಿಡಿದವರು ಮನೆಯನ್ನೇ ಕ್ರಯಪತ್ರ ಮಾಡಿಕೊಟ್ಟ ಹಾಗೆ.

ಅನುಭವ ಉಳಿಸುವ ಈ ಪ್ರಯತ್ನಕ್ಕೆ ತೆತ್ತ ಬೆಲೆ ಬೇರೆ ಪುಸ್ತಕದಲ್ಲಿ ದಾಖಲಾಗಿದೆ. 2020ರ ಅಕ್ಟೋಬರ್ 2ರಂದು ಬಾಂಡ್ ಮತ್ತೊಮ್ಮೆ ಮುಂದಕ್ಕೆ ಹೋದ. ಮೂರು ದಿನ ಕಳೆಯುವಷ್ಟರಲ್ಲಿ ಸಿನಿವರ್ಲ್ಡ್ ಕಂಪನಿ ಅಮೆರಿಕದ 536 ಹಾಗೂ ಬ್ರಿಟನ್ನಿನ 127 ಚಿತ್ರಮಂದಿರಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಸುಮಾರು 45,000 ನೌಕರರಿಗೆ ಅದರ ಬಿಸಿ ತಟ್ಟಿತು. ತೋರಿಸಲು ದೊಡ್ಡ ಚಿತ್ರವಿಲ್ಲದಿದ್ದರೆ ದೀಪ ಉರಿಸಿಕೊಂಡು ಕೂರುವುದೂ ನಷ್ಟವೇ. 2021ರ ಶರತ್ಕಾಲದಲ್ಲಿ ಬಾಂಡ್ ಕೊನೆಗೂ ಬಂದು ಸುಮಾರು 77 ಕೋಟಿ ಡಾಲರ್ ಗಳಿಸಿದ. ಸಿನಿವರ್ಲ್ಡ್ 2022ರ ಸೆಪ್ಟೆಂಬರಿನಲ್ಲಿ ದಿವಾಳಿ ಕಾಯ್ದೆಯ ರಕ್ಷಣೆ ಕೋರಿತು. ಕಾಯ್ದದ್ದಕ್ಕೆ ಫಲ ಸಿಕ್ಕಿದ್ದು ನಿಜ. ಕಾಯ್ದವರಿಗೆಲ್ಲ ಸಿಕ್ಕಿತೆನ್ನುವುದು ಮಾತ್ರ ಸುಳ್ಳು. ಕಾಯದೆ ಬಂದವರ ಪಾಡೂ ಹೆಚ್ಚು ಸುಖದ್ದಾಗಿರಲಿಲ್ಲ. ಕ್ರಿಸ್ಟೋಫರ್ ನೋಲನ್ ಅವರ ‘ಟೆನೆಟ್’ 2020ರ ಆಗಸ್ಟ್‌ನಲ್ಲೇ ಧೈರ್ಯ ಮಾಡಿ ಹೊರಟು ಸುಮಾರು 36 ಕೋಟಿ ಡಾಲರಿಗೆ ನಿಂತಿತು, ಅದನ್ನು ನೋಡಿದ ಉಳಿದ ಚಿತ್ರಗಳು ಇನ್ನಷ್ಟು ಗಟ್ಟಿಯಾಗಿ ಕದ ಹಾಕಿಕೊಂಡವು.

ಡಿಸ್ನಿಯದು ಇನ್ನೊಂದು ದಾರಿ. ಮೂರು ದಿನಾಂಕಗಳನ್ನು ಸವೆಸಿದ ‘ಮುಲಾನ್’ 2020ರ ಸೆಪ್ಟೆಂಬರ್ 4ರಂದು ಡಿಸ್ನಿ ಪ್ಲಸ್‌ನಲ್ಲಿ, ತಿಂಗಳ ಚಂದಾದ ಮೇಲೆ 30 ಡಾಲರಿಗೆ ಒಂದು ಸೆಂಟ್ ಕಡಿಮೆ ಬೆಲೆಗೆ ಬಂತು. ಫ್ರಾನ್ಸಿನ ಚಿತ್ರಮಂದಿರದ ಮಾಲೀಕರೊಬ್ಬರು ಅದರ ಪ್ರಚಾರ ಫಲಕವನ್ನು ಬ್ಯಾಟಿನಿಂದ ಚಚ್ಚಿ ಪುಡಿ ಮಾಡಿದರು. ಆ ವರ್ಷದ ಚಲನಚಿತ್ರ ವಿಮರ್ಶೆಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಬೇರೆ ಬಂದಂತಿಲ್ಲ. 2021ರ ಜುಲೈನಲ್ಲಿ ‘ಬ್ಲ್ಯಾಕ್ ವಿಡೋ’ ಚಿತ್ರಮಂದಿರಕ್ಕೂ ಡಿಸ್ನಿ ಪ್ಲಸ್‌ಗೂ ಒಂದೇ ದಿನ ಬಂತು. ಮೊದಲ ವಾರಾಂತ್ಯ ಒಟಿಟಿಯಲ್ಲಿ 6 ಕೋಟಿ ಡಾಲರಿಗೂ ಹೆಚ್ಚು ಬಂದಿದೆಯೆಂದು ಕಂಪನಿ ಬೀಗಿತು. ತಮ್ಮ ಸಂಭಾವನೆಯ ಒಂದು ಭಾಗ ಚಿತ್ರಮಂದಿರದ ಗಳಿಕೆಗೆ ಗಂಟು ಬಿದ್ದಿದ್ದ ನಾಯಕಿ ಸ್ಕಾರ್ಲೆಟ್ ಜೊಹಾನ್ಸನ್ ಅದೇ ತಿಂಗಳು ಮೊಕದ್ದಮೆ ಹೂಡಿದರು. ಸೆಪ್ಟೆಂಬರಿನಲ್ಲಿ ರಾಜಿಯಾಯಿತು. ದೊಡ್ಡ ಪರದೆ ಚಿಕ್ಕ ಪರದೆ ಎಂಬ ವಾದದ ಒಳಗೆ ಏನಿದೆ ಎಂಬುದು ಇಲ್ಲಿ ಬಯಲಾಯಿತು. ಚಿತ್ರಮಂದಿರದಲ್ಲಿ ಟಿಕೆಟ್ ಹರಿಯುತ್ತದೆ, ಲೆಕ್ಕ ಹತ್ತು ಜನರ ಕಣ್ಣಿಗೆ ಬೀಳುತ್ತದೆ, ನಟ, ಹಂಚಿಕೆದಾರ, ಮಾಲೀಕ ಎಲ್ಲರೂ ಅದರ ಮೇಲೆ ಪಾಲು ಕೇಳಬಹುದು. ಒಟಿಟಿಯಲ್ಲಿ ಎಷ್ಟು ಜನ ನೋಡಿದರೆಂಬುದು ಕಂಪನಿಗೆ ಮಾತ್ರ ಗೊತ್ತು. ಅಲ್ಲಿ ಹೌಸ್‌ಫುಲ್ ಬೋರ್ಡೂ ಇಲ್ಲ, ಖಾಲಿ ಬಾಲ್ಕನಿಯೂ ಇಲ್ಲ, ಶತದಿನೋತ್ಸವದ ಶೀಲ್ಡಂತೂ ಇಲ್ಲವೇ ಇಲ್ಲ.

ಭಾರತದಲ್ಲಿ ಒಟಿಟಿಗೆ ಮೊದಲು ಹೋದವು ಸಣ್ಣ ಮತ್ತು ಮಧ್ಯಮ ಚಿತ್ರಗಳು. ಕನ್ನಡದ ಮಟ್ಟಿಗೆ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ‘ಲಾ’ 2020ರ ಜುಲೈ 17ರಂದು, ‘ಫ್ರೆಂಚ್ ಬಿರಿಯಾನಿ’ ಜುಲೈ 24ರಂದು ಪ್ರೈಮ್ ವಿಡಿಯೋದಲ್ಲಿ ನೇರವಾಗಿ ಬಂದವು. ದೊಡ್ಡ ಪರದೆಯ ಪಾವಿತ್ರ್ಯಕ್ಕಾಗಿ ಇವು ಕಾಯಬೇಕಿತ್ತೆಂದು ಯಾರೂ ಹೆಚ್ಚಾಗಿ ಅಳಲಿಲ್ಲ. ತಮಿಳುನಾಡಿನಲ್ಲಿ ಮಾತ್ರ ನಟ ಸೂರ್ಯ ಅವರ ಸಂಸ್ಥೆ ‘ಪೊನ್ಮಗಳ್ ವಂದಾಳ್’ ಚಿತ್ರವನ್ನು ಒಟಿಟಿಗೆ ಕೊಟ್ಟದ್ದಕ್ಕೆ, ಮುಂದೆ ಅವರ ಚಿತ್ರಗಳನ್ನೇ ಹಾಕುವುದಿಲ್ಲವೆಂದು ಮಾಲೀಕರು ಗುಡುಗಿದರು. ಚಿತ್ರಮಂದಿರದ ಮುಖ ನೋಡದೆ ಪ್ರೈಮ್‌ಗೆ ಹೋದ ಅವರದೇ ‘ಸೂರರೈ ಪೋಟ್ರು’ ಮುಂದೆ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅದರ ಹಿಂದಿನ ವರ್ಷದ ಸಾಲಿನ ಅತ್ಯುತ್ತಮ ಚಿತ್ರ ಮಲಯಾಳದ ‘ಮರಕ್ಕಾರ್’. ಆ ಪ್ರಶಸ್ತಿ ಘೋಷಣೆಯಾದದ್ದು ಬಾಂಡ್ ಗೀತೆಗೆ ಗ್ರ್ಯಾಮಿ ಬಂದ 2021ರ ಮಾರ್ಚ್‌ನಲ್ಲೇ, ಆಗ ಚಿತ್ರವೇ ಬಿಡುಗಡೆಯಾಗಿರಲಿಲ್ಲ. ತೀರ್ಪುಗಾರರು ನೋಡಿದ್ದರು, ಪ್ರೇಕ್ಷಕರು ಸರದಿಯಲ್ಲಿದ್ದರು. 2020ರ ಮಾರ್ಚ್ 26ಕ್ಕೆ ಬರಬೇಕಿದ್ದ ಈ ಚಿತ್ರವನ್ನು ಒಟಿಟಿಗೆ ಕೊಡುವುದಾಗಿ ನಿರ್ಮಾಪಕರು ಹೇಳಿದರು, ಮಾಲೀಕರು ಸಿಡಿದರು, ಕೇರಳದ ಸಚಿವರೇ ನಡುವೆ ಬಂದರು, ಕೊನೆಗೆ 2021ರ ಡಿಸೆಂಬರ್ 2ರಂದು ಚಿತ್ರಮಂದಿರ ದಕ್ಕಿತು. ಇಷ್ಟೆಲ್ಲ ಪಂಚಾಯಿತಿಯಿಂದ ಗೆದ್ದದ್ದು ಹದಿನೈದು ದಿನ. ಡಿಸೆಂಬರ್ 17ಕ್ಕೆ ಅದು ಪ್ರೈಮ್‌ನಲ್ಲಿತ್ತು.

ಕಾಯುವುದೋ ಕೊಡುವುದೋ ಎಂಬುದನ್ನು ಯಾವುದು ನಿರ್ಧರಿಸುತ್ತದೆ ಎಂದು ತಿಳಿಯಲು ಹೊಂಬಾಳೆ ಫಿಲಂಸ್‌ನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಪುನೀತ್ ನಾಯಕರಾಗಿದ್ದ ‘ಯುವರತ್ನ’ 2021ರ ಏಪ್ರಿಲ್ 1ರಂದು ತುಂಬಿದ ಚಿತ್ರಮಂದಿರಗಳಿಗೆ ಬಂತು. ಮರುದಿನವೇ ಬೆಂಗಳೂರೂ ಸೇರಿ ಕೆಲವು ಜಿಲ್ಲೆಗಳಲ್ಲಿ ಅರ್ಧದಷ್ಟು ಸೀಟು ಮಾತ್ರ ಎಂಬ ಸರ್ಕಾರಿ ಆದೇಶ ಬಂತು. ಚಿತ್ರರಂಗ ಮುಖ್ಯಮಂತ್ರಿಗಳ ಮುಂದೆ ನಿಂತು ಕೇಳಿಕೊಂಡ ಮೇಲೆ ಏಪ್ರಿಲ್ 7ರವರೆಗೆ ವಿನಾಯಿತಿ ಸಿಕ್ಕಿತು. 9ರಂದು ಚಿತ್ರ ಪ್ರೈಮ್‌ನಲ್ಲಿತ್ತು. ಅದೇ ಸಂಸ್ಥೆಯ ‘ಕೆಜಿಎಫ್ ಚಾಪ್ಟರ್ 2’ 2020ರ ಅಕ್ಟೋಬರ್ 23ರಿಂದ 2021ರ ಜುಲೈ 16ಕ್ಕೆ, ಅಲ್ಲಿಂದ 2022ರ ಏಪ್ರಿಲ್ 14ಕ್ಕೆ ಹೋಗಿ, ಬಂದಾಗ ಸಾವಿರ ಕೋಟಿ ದಾಟಿತು. ಒಂದೇ ಮನೆಯವರು ಒಂದು ಚಿತ್ರಕ್ಕೆ ಒಂದು ವಾರ, ಇನ್ನೊಂದಕ್ಕೆ ಒಂದೂವರೆ ವರ್ಷ ಕೊಟ್ಟರು. ಸಿನಿಮಾದ ಮೇಲಿನ ಪ್ರೀತಿ ಒಂದರ ಮೇಲೆ ಕಡಿಮೆ, ಇನ್ನೊಂದರ ಮೇಲೆ ಹೆಚ್ಚು ಎಂದು ಯಾರೂ ಹೇಳಲಾರರು. ‘ಯುವರತ್ನ’ದ ಪ್ರಚಾರದ ಹಣ ಆಗಲೇ ಖರ್ಚಾಗಿತ್ತು, ಅದರ ಮುಖ್ಯ ಮಾರುಕಟ್ಟೆ ಕರ್ನಾಟಕ, ಆ ಮಾರುಕಟ್ಟೆಯ ಬಾಗಿಲು ಕಣ್ಣೆದುರೇ ಮುಚ್ಚುತ್ತಿತ್ತು. ‘ಕೆಜಿಎಫ್’ ಐದು ಭಾಷೆಯಲ್ಲಿ ದೇಶವಿಡೀ ಒಂದೇ ದಿನ ತೆರೆದರೆ ಮಾತ್ರ ಅದರ ಲೆಕ್ಕ ಕೂಡುತ್ತಿತ್ತು, ಅದಕ್ಕೆ ಕಾಯುವ ಶಕ್ತಿಯೂ ಇತ್ತು. ‘ಆರ್‌ಆರ್‌ಆರ್’ನದೂ ಇದೇ ಕಥೆ. 2020ರ ಜುಲೈ 30ರಿಂದ ಹೊರಟ ಆ ಚಿತ್ರ 2022ರ ಜನವರಿ 7ರ ಹೊಸ್ತಿಲಲ್ಲಿ ದೆಹಲಿಯ ಚಿತ್ರಮಂದಿರಗಳು ಮುಚ್ಚಿದವೆಂದು ಹಿಂದೆ ಸರಿಯಿತು. ಆಮೇಲೆ ಮಾರ್ಚ್ 18 ಅಥವಾ ಏಪ್ರಿಲ್ 28 ಎಂದು ಎರಡು ದಿನಾಂಕ ಒಟ್ಟಿಗೆ ಹೇಳಿ, ಎರಡನ್ನೂ ಬಿಟ್ಟು ಮಾರ್ಚ್ 25ಕ್ಕೆ ಬಂತು. ಬಿಡುಗಡೆ ದಿನಾಂಕದವರ ವೃತ್ತಿಜೀವನದಲ್ಲಿ ಇದಕ್ಕಿಂತ ಮೇಲಿನ ಹಂತ ಉಳಿದಂತಿಲ್ಲ.

ಇನ್ನು ಚಿತ್ರಮಂದಿರದ ಕಡೆಯ ಲೆಕ್ಕ. ಕರ್ನಾಟಕದ ಸಿಂಗಲ್ ಸ್ಕ್ರೀನ್ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆಯ ಪದ್ಧತಿ ಹಳೆಯದು. ಸೀಟು ಅರ್ಧವಾದರೂ ನಿರ್ಮಾಪಕ ಕೊಡುವ ಬಾಡಿಗೆ ಅರ್ಧವಾಗುವುದಿಲ್ಲ, ಆದ್ದರಿಂದ ಅರ್ಧ ಸೀಟಿನ ಆದೇಶ ಬಂದಾಗ ಅವನು ಚಿತ್ರ ಎತ್ತುತ್ತಾನೆ. ಚಿತ್ರವೇ ಇಲ್ಲದಿದ್ದರೆ ಬಾಡಿಗೆಯೂ ಇಲ್ಲ, ಆಗ ಪೆಟ್ಟು ಮಾಲೀಕನಿಗೆ. ಬಾಡಿಗೆ ಬಿಟ್ಟು ಪರ್ಸೆಂಟೇಜ್ ಲೆಕ್ಕಕ್ಕೆ ಬರೋಣ ಎಂಬ ಕೂಗು ಗಾಂಧಿನಗರದಲ್ಲಿ ಜೋರಾದದ್ದು ಕೊರೊನಾ ಕಾಲದಲ್ಲೇ. ಪೋಸ್ಟರ್ ಹಚ್ಚುವವರು, ಗೇಟ್‌ಕೀಪರ್, ಕ್ಯಾಂಟೀನಿನವರು, ಸೈಕಲ್ ಸ್ಟ್ಯಾಂಡಿನ ಗುತ್ತಿಗೆದಾರ ಯಾವ ಪದ್ಧತಿಯಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಚಿತ್ರ ಒಂದೂವರೆ ವರ್ಷ ಕಾಯಬಲ್ಲದು. ಅದು ಯಾರಿಗಾಗಿ ಕಾಯುತ್ತಿದೆಯೆಂದು ಹೇಳಲಾಯಿತೋ ಅವರಲ್ಲಿ ಬಹಳ ಮಂದಿ ಮುಂದಿನ ತಿಂಗಳವರೆಗೂ ಕಾಯಲಾರರು.

ಸಾವಿರ ಜನ ಒಟ್ಟಿಗೆ ಶಿಳ್ಳೆ ಹೊಡೆಯಲೆಂದೇ ಕಟ್ಟಿದ ದೃಶ್ಯಗಳಿರುವ, ಬಡ್ಡಿಯ ಭಾರ ಹೊರಬಲ್ಲ ಚಿತ್ರ ಚಿತ್ರಮಂದಿರಕ್ಕೆ ಕಾಯುವುದೇ ಸರಿ. ನಾಯಕನ ಎಂಟ್ರಿಗೆ ಹಾಲ್‌ನಲ್ಲಿ ಒಬ್ಬರೇ ಕೂತು ಚಿಲ್ಲರೆ ತೂರಿದರೆ ಆರಿಸಿಕೊಳ್ಳುವ ಕೆಲಸವೂ ತೂರಿದವರದೇ. ಹೊರಲಾರದ ಚಿತ್ರ ತಲೆ ತಗ್ಗಿಸದೆ ಒಟಿಟಿಗೆ ಹೋಗಬಹುದು, ಅದನ್ನು ದ್ರೋಹವೆಂದು ಕರೆಯುವ ಅಧಿಕಾರ ಆ ಬಡ್ಡಿಯಲ್ಲಿ ಪಾಲು ಕೊಡುವವರಿಗೆ ಮಾತ್ರ ಇದೆ. ಕಾಯುವ ಚಿತ್ರ ತನಗಾಗಿ ಬಾಗಿಲು ತೆರೆದಿಟ್ಟುಕೊಂಡವರ ಕರೆಂಟ್ ಬಿಲ್ಲಿನ ಕಡೆಗೂ ನೋಡಬೇಕು ಎಂಬ ಸಣ್ಣ ಮಾತನ್ನು ಮಾತ್ರ ಆ ಎರಡು ವರ್ಷಗಳ ಪತ್ರಿಕಾ ಹೇಳಿಕೆಗಳಲ್ಲಿ ಹುಡುಕಿ ತೆಗೆಯುವುದು ಕಷ್ಟ.

ಈ ಇಡೀ ಯುದ್ಧದಲ್ಲಿ ಪಣಕ್ಕಿದ್ದ ಅವಧಿ ಎಷ್ಟು ಎಂಬುದನ್ನೂ ದಾಖಲೆಗಾಗಿ ನಮೂದಿಸಲಾಗಿದೆ. ಮಾರ್ಚ್ 25ಕ್ಕೆ ತೆರೆಕಂಡ ‘ಆರ್‌ಆರ್‌ಆರ್’ ಮೇ 20ಕ್ಕೆ ಒಟಿಟಿಯಲ್ಲಿತ್ತು, ಸರಿಯಾಗಿ ಎಂಟು ವಾರ. ಏಪ್ರಿಲ್ 14ರ ‘ಕೆಜಿಎಫ್’ ಮೇ 16ಕ್ಕೆ 199 ರೂಪಾಯಿ ಬಾಡಿಗೆಯ ಮೇಲೆ, ಜೂನ್ 3ಕ್ಕೆ ಚಂದಾದಾರರೆಲ್ಲರಿಗೂ ಪ್ರೈಮ್‌ನಲ್ಲಿ ಸಿಕ್ಕಿತು. ಮೊಬೈಲಿನಿಂದ ತಪ್ಪಿಸಿಕೊಳ್ಳಲು ಒಂದೂವರೆ ವರ್ಷ ಬಚ್ಚಿಟ್ಟುಕೊಂಡಿದ್ದ ಚಿತ್ರ ಮೂವತ್ತೆರಡು ದಿನಕ್ಕೆ ಮೊಬೈಲಿನಲ್ಲಿತ್ತು. ಆ ಮೂವತ್ತೆರಡು ದಿನಗಳಲ್ಲೇ ಅದು ದುಡಿಯಬೇಕಾದ್ದನ್ನೆಲ್ಲ ದುಡಿದಿತ್ತು ಎಂಬುದು ಬೇರೆ ಮಾತು.

ಆದ್ದರಿಂದ, ಮುಂದಿನ ಸಲ ಸರಿಯಬೇಕಾಗಿ ಬಂದಾಗ ಪೋಸ್ಟರಿನಲ್ಲಿ ‘ಅಭಿಮಾನಿಗಳ ಹಿತದೃಷ್ಟಿಯಿಂದ’ ಎಂಬ ಸಾಲಿನ ಪಕ್ಕದಲ್ಲೇ ಬಡ್ಡಿಯ ದರವನ್ನೂ ಮುದ್ರಿಸುವಂತೆ ಸದರಿ ದಿನಾಂಕದವರನ್ನು ಈ ಮೂಲಕ ಕೋರಲಾಗಿದೆ.

ಇಂತಿ,
ಟಿಕೆಟ್ ಕೌಂಟರಿನ ಮುಂದೆ ನಿಂತವರ ಪರವಾಗಿ.

ಪ್ರತಿ: ಮಾಹಿತಿಗಾಗಿ ಆಯಾ ಊರಿನ ಚಿತ್ರಮಂದಿರದ ಮ್ಯಾನೇಜರರಿಗೆ. ಸದರಿ ವಿಳಾಸದಲ್ಲಿ ಈಗ ಕಲ್ಯಾಣ ಮಂಟಪವಿದ್ದಲ್ಲಿ ಅಲ್ಲಿನ ಮ್ಯಾನೇಜರರಿಗೆ.