ಮಗುಸಮೇತ ಹೋಟೆಲಿಗೆ: ಬಳಕೆದಾರರ ಕೈಪಿಡಿ

ಮನೆಯಲ್ಲೇ ಓದಿ ಮುಗಿಸಿ. ಹೋಟೆಲಿನಲ್ಲಿ ಕೂತು ಓದೋಣವೆಂದರೆ ಆಗದು. ಅಲ್ಲಿ ನಿಮ್ಮ ಒಂದು ಕೈ ಮಗುವಿನ ಸೊಂಟ ಹಿಡಿದಿರುತ್ತದೆ, ಇನ್ನೊಂದು ಸಾಂಬಾರಿನ ಬಟ್ಟಲನ್ನು ದೂರ ತಳ್ಳುತ್ತಿರುತ್ತದೆ. ಕೈಪಿಡಿಯ ಹಾಳೆಯನ್ನು ಮಗು ಬಾಯಿಗಿಟ್ಟುಕೊಂಡರೆ ಗಾಬರಿ ಬೇಡ. ಹಿಂದಿನ ಆವೃತ್ತಿಗಳೆಲ್ಲ ಹಾಗೆಯೇ ಖರ್ಚಾದದ್ದು.

ಮಾದರಿಗಳು

ಮೊದಲನೆಯದು 6 ತಿಂಗಳೊಳಗಿನ ಮಾದರಿ. ಇದಕ್ಕೆ ತಾಯಿಯ ಹಾಲೊಂದೇ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿರುವುದರಿಂದ ಮೆನು ಕಾರ್ಡು ತೋರಿಸಬೇಕಾಗಿಲ್ಲ. ನಿದ್ದೆ ಮಾಡುತ್ತಿರುತ್ತದೆ, ಇಲ್ಲವೆ ತಿರುಗುವ ಫ್ಯಾನನ್ನು ನೋಡುತ್ತಿರುತ್ತದೆ. ಇದನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಬಂದವರು ‘ಮಕ್ಕಳ ಜೊತೆ ಹೋಟೆಲಿಗೆ ಹೋಗೋದು ಏನು ಮಹಾ’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ. ಅವರಿಗೂ ಕಾಲ ಬರುತ್ತದೆ.

ಎರಡನೆಯದು 6 ತಿಂಗಳಿಂದ ವರ್ಷದವರೆಗಿನದು. ಕೂರುತ್ತದೆ, ಯಾವ ಕಡೆಗೆ ಯಾವಾಗ ವಾಲುತ್ತದೆ ಹೇಳಬರುವುದಿಲ್ಲ. ಕೈಗೆ ಸಿಕ್ಕಿದ್ದು ಬಾಯಿಗೆ, ಬಾಯಿಗೆ ಸೇರದ್ದು ನೆಲಕ್ಕೆ. ಚಮಚ ಬೀಳಿಸುತ್ತದೆ, ನೀವು ಬಗ್ಗಿ ಎತ್ತಿಕೊಟ್ಟರೆ ಮತ್ತೆ ಬೀಳಿಸಿ, ನಿಮ್ಮ ಮುಖ ನೋಡುತ್ತದೆ. ಇದು ಹಟವಲ್ಲ. ಕಣ್ಣಿಗೆ ಮರೆಯಾದ ವಸ್ತು ಇಲ್ಲವಾಗುವುದಿಲ್ಲ, ಎಲ್ಲೋ ಇರುತ್ತದೆ ಎಂಬುದನ್ನು ಅದು ಈ ವಯಸ್ಸಿನಲ್ಲಿ ಕಲಿಯುತ್ತಿರುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ತನ್ನ ಮೂವರು ಮಕ್ಕಳನ್ನೇ ಗಮನಿಸುತ್ತ ಕೂತು ಇಂಥದ್ದನ್ನೆಲ್ಲ ಬರೆದಿಟ್ಟ. ಚಮಚ ಎತ್ತಿಕೊಡುವವರ ಬೆನ್ನಿನ ವಿಷಯ ಮಾತ್ರ ಸಿದ್ಧಾಂತದೊಳಗೆ ಬಂದಿಲ್ಲ.

ಮೂರನೆಯದು ನಡೆಯುವ ಮಾದರಿ, 1ರಿಂದ 3 ವರ್ಷ. ‘ಬೇಡ’ ಎನ್ನಲು ಕಲಿತಿರುತ್ತದೆ. ಈ ಕೈಪಿಡಿ ಹುಟ್ಟಿದ್ದೇ ಇದರಿಂದ.

ಜಾಗ ಆರಿಸುವುದು

ಬೇಬಿ ಚೇರ್ ಇದೆಯೆ, ಮಕ್ಕಳ ಮೆನು ಬೇರೆ ಇದೆಯೆ, ಬಣ್ಣದ ಪೆನ್ಸಿಲ್ ಕೊಡುತ್ತಾರೆಯೆ ಎಂದೆಲ್ಲ ಫೋನ್ ಮಾಡಿ ವಿಚಾರಿಸುವ ತಂದೆತಾಯಂದಿರಿದ್ದಾರೆ. ಇವು ಯಾವುವೂ ಲೆಕ್ಕಕ್ಕಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಕೂತ ಮೇಲೆ ಮೊದಲ ತುತ್ತು ಮಗುವಿನ ಬಾಯಿಗೆ ಬೀಳಲು ಎಷ್ಟು ನಿಮಿಷ?

ಮಾಲಿನ ಮೇಲ್ಮಹಡಿಯ ರೆಸ್ಟೋರೆಂಟನ್ನೇ ತೆಗೆದುಕೊಳ್ಳಿ. ಬೇಬಿ ಚೇರ್ ಉಂಟು, ಪೆನ್ಸಿಲ್ಲೂ ಉಂಟು. ಮೆನು ಬರಲು ಒಂದಷ್ಟು ಹೊತ್ತು. ‘ರೆಗ್ಯುಲರ್ ವಾಟರ್ ಆರ್ ಮಿನರಲ್ ವಾಟರ್ ಸರ್’ ಎಂಬ ಸಂವಾದಕ್ಕೆ ಒಂದಷ್ಟು ಹೊತ್ತು. ಆಮೇಲೆ ರೊಟ್ಟಿ ತಂದೂರಿಗೆ ಹೋಗಬೇಕು, ಪನ್ನೀರು ಗ್ರೇವಿಗೆ ಬೀಳಬೇಕು. ಅಷ್ಟರಲ್ಲಿ ಮೂರನೆಯ ಮಾದರಿ ಟಿಶ್ಯೂ ಡಬ್ಬಿ ಖಾಲಿ ಮಾಡಿ, ಉಪ್ಪಿನಲ್ಲಿ ರಂಗೋಲಿ ಬಿಟ್ಟು, ಕೆಂಪು ಪೆನ್ಸಿಲ್ಲಿನ ತುದಿ ಜಗಿದು ಮುಗಿಸಿರುತ್ತದೆ. ಊಟ ಬರುವ ಹೊತ್ತಿಗೆ ಸರಿಯಾಗಿ ಅದಕ್ಕೆ ನಿದ್ದೆ ಬರುತ್ತದೆ, ಮಲಗಲಾಗದೆ ರಂಪವೂ ಶುರುವಾಗುತ್ತದೆ. ಪಕ್ಕದ ಮೇಜಿನವರು ಮೊದಲು ಮುಗುಳ್ನಗುತ್ತಾರೆ, ಆಮೇಲೆ ನಗುವುದಿಲ್ಲ.

ಇಡ್ಲಿ ಹಾಗಲ್ಲ. ನೀವು ಸ್ಕೂಟರ್ ನಿಲ್ಲಿಸುವ ಮೊದಲೇ ಅದು ಬೆಂದಾಗಿರುತ್ತದೆ. ನೂರು ಸೌಲಭ್ಯಗಳ ಪಟ್ಟಿಗಿಂತ ಈ ಒಂದು ಗುಣ ದೊಡ್ಡದು. ಮೃದು, ಬಿಳಿ, ಬೇಗ ಆರುತ್ತದೆ, ಹಲ್ಲಿಲ್ಲದಿದ್ದರೂ ನಡೆಯುತ್ತದೆ, ನೆಲಕ್ಕೆ ಬಿದ್ದದ್ದೂ ಒಮ್ಮೆ ಗುಡಿಸಿದರೆ ಎದ್ದು ಬರುತ್ತದೆ. ದೋಸೆಯಾದರೆ ಕಾವಲಿಯ ಮೇಲೆ ಸರದಿ ಕಾಯಬೇಕು.

ವೇಗದ ಮಾತು ಬಂದರೆ ಬೆಂಗಳೂರಿನವರಿಗೆ ದರ್ಶಿನಿ ನೆನಪಾಗಲೇಬೇಕು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಶುರುಮಾಡಿದ ಕೆಫೆ ದರ್ಶಿನಿಯಿಂದ ಹರಡಿದ ಪದ್ಧತಿ ಇದು: ಮೊದಲು ದುಡ್ಡು, ಕೈಗೆ ಟೋಕನ್, ಕೌಂಟರಿನಲ್ಲಿ ತಟ್ಟೆ, ನಿಂತು ತಿಂದು ಜಾಗ ಖಾಲಿ ಮಾಡುವುದು. ವೇಗಕ್ಕೆ ಪೂರ್ತಿ ಅಂಕ. ಎತ್ತರದ್ದೇ ತೊಂದರೆ. ನಿಂತು ತಿನ್ನುವ ಮೇಜು ನಿಮ್ಮ ಎದೆಮಟ್ಟಕ್ಕಿರುತ್ತದೆ. ಕೆಳಗೆ ನಿಂತ ಮಗುವಿಗೆ ಕಾಣುವುದು ಮೊಣಕಾಲುಗಳ ಕಾಡು ಮಾತ್ರ. ಅದನ್ನು ಮೇಜಿನ ಮೇಲೆ ಕೂರಿಸುವ ಯೋಚನೆ ಬರುತ್ತದೆ. ಬೇಡ, ಅಲ್ಲಿ ಯಾರದ್ದೋ ಕಾಫಿ ಇದೆ. ತಟ್ಟೆ ಹಿಡಿದು ಹೊರಗಿನ ಕಟ್ಟೆಗೆ ಬನ್ನಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ (1965) ಈ ದೃಷ್ಟಿಯಿಂದ ಪ್ರಶಸ್ತ. ಇಡ್ಲಿ, ವಡೆ, ಬೇಕಾದಷ್ಟು ಚಟ್ನಿ. ಸಾಂಬಾರು ಇಲ್ಲವೇ ಇಲ್ಲ. ಸಾಂಬಾರು ಕೈಬಿಟ್ಟಾಗ ಅವರ ತಲೆಯಲ್ಲಿ ಮಕ್ಕಳ ವಿಚಾರ ಇರಲಿಕ್ಕಿಲ್ಲ, ಆದರೂ ಮಗುವಿನ ಕೈಗೆ ಎಟುಕುವ ಬಿಸಿ ಪದಾರ್ಥ ಒಂದು ಕಡಿಮೆಯಾಯಿತಲ್ಲ, ಅಷ್ಟು ಸಾಕು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ (1943) ಭಾನುವಾರ ಬೆಳಗ್ಗೆ ಹೋದರೆ ಕಾಯುವುದು ತಪ್ಪದು. ಆದರೆ ಒಳಗೆ ಕೂತ ಮೇಲೆ, ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ತೋಳಿನುದ್ದಕ್ಕೂ ಪೇರಿಸಿಕೊಂಡು ಬರುವ ಸಪ್ಲೈಯರನ್ನು ಕಂಡು ಮಗು ಬಾಯಿ ತೆರೆದುಕೊಂಡು ಕೂರುತ್ತದೆ. ಆ ತೆರೆದ ಬಾಯಿಗೆ ತುತ್ತಿಡಿ. ಮಗುವನ್ನು ನೆಲಕ್ಕೆ ಮಾತ್ರ ಬಿಡಬೇಡಿ. ಆ ತಟ್ಟೆಗಳ ದಾರಿಗೆ ಅಡ್ಡ ಓಡಿದರೆ ಹತ್ತಾರು ಮಂದಿಯ ತಿಂಡಿ ಮಣ್ಣುಪಾಲು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ (1924) ಹೋಗುವವರಿಗೆ ಉದ್ಯಾನವೇ ಪಕ್ಕದಲ್ಲಿದೆ. ಮೊದಲು ಅಲ್ಲಿ ಓಡಿಸಿ, ಸುಸ್ತು ಮಾಡಿಸಿ, ಆಮೇಲೆ ಬನ್ನಿ. ಕ್ರಮ ತಿರುಗುಮುರುಗಾದರೆ ಕೇಸರಿಬಾತಿನ ಶಕ್ತಿಯೆಲ್ಲ ನಿಮ್ಮ ಮೇಲೆಯೇ ಪ್ರಯೋಗವಾಗುತ್ತದೆ.

ಸಣ್ಣ ಊರುಗಳಲ್ಲಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ‘ಫ್ಯಾಮಿಲಿ ರೂಮ್’ ಎಂದು ಬರೆದ ಪರದೆ ಕಂಡರೆ ಹಿಂದುಮುಂದು ನೋಡದೆ ನುಗ್ಗಿ. ಎದೆಹಾಲು ಕೊಡುವ ತಾಯಿಗೆ ಅದಕ್ಕಿಂತ ನೆಮ್ಮದಿಯ ಜಾಗ ಎಷ್ಟೋ ದುಬಾರಿ ಹೋಟೆಲುಗಳಲ್ಲಿ ಸಿಗದು.

ಅಳವಡಿಕೆ

ಬೇಬಿ ಚೇರ್ ತಂದುಕೊಟ್ಟರೆ ಮೊದಲು ಬೆಲ್ಟು ನೋಡಿ. ಸಾಮಾನ್ಯವಾಗಿ ಬೆಲ್ಟು ಇರುತ್ತದೆ, ಬಕಲ್ ಇರುವುದಿಲ್ಲ. ಅಂಥದ್ದಕ್ಕಿಂತ ತೊಡೆ ವಾಸಿ. ಗೋಡೆ ಕಡೆಯ ಸೀಟು ಹಿಡಿಯಿರಿ. ಓಡಾಡುವ ದಾರಿಯ ಪಕ್ಕ ಕೂತರೆ ಸಾಂಬಾರಿನ ಬಕೆಟ್ಟು ಮಗುವಿನ ತಲೆಯ ಮೇಲಿಂದಲೇ ಹಾದುಹೋಗುತ್ತದೆ. ಕೈ ತೊಳೆಯುವ ಜಾಗದಿಂದ ದೂರವಿರಿ. ನಲ್ಲಿ ಕಂಡ ಮಗು ಮತ್ತೆ ಮೇಜಿಗೆ ಬರುವುದಿಲ್ಲ.

ಕೂತ ಕೂಡಲೇ ಮಗುವಿನ ಕೈ ಎಟುಕುವಷ್ಟು, ಅದರ ಮೇಲೆ ಒಂದು ಗೇಣು, ಇಷ್ಟು ಜಾಗ ತೆರವು ಮಾಡಿ. ಲೋಟದಿಂದ ಮೆನು ಕಾರ್ಡಿನವರೆಗೆ ಎಲ್ಲ ಆಚೆಗೆ. ಬೈಟು ಕಾಫಿ ಇಡುವುದಂತೂ ಗೋಡೆಯ ಮೂಲೆಗೇ. ಇಲ್ಲಿ ತಮಾಷೆಯಿಲ್ಲ: 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಎಳೆಯ ಚರ್ಮವನ್ನು ಆಳವಾಗಿ ಸುಡಲು ಕೆಲವೇ ಸೆಕೆಂಡು ಸಾಕು, ಹಬೆಯಾಡುವ ಕಾಫಿ ಸಾಂಬಾರುಗಳ ಬಿಸಿ ಅದಕ್ಕಿಂತ ಹೆಚ್ಚೇ ಇರುತ್ತದೆ.

ಆರ್ಡರ್

ಎರಡನೆಯ ಮಾದರಿಗೆ ಮನೆಯಿಂದಲೇ ರಾಗಿ ಸರಿ ತನ್ನಿ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ ಎನ್ನುತ್ತಾರೆ ಮಕ್ಕಳ ವೈದ್ಯರು. ಹೋಟೆಲಿನ ಉಪ್ಪಿನ ಕೈ ನಿಮಗೆ ಗೊತ್ತೇ ಇದೆ. ಬಿಸಿನೀರು ಕೇಳಿದರೆ ಯಾವ ಹೋಟೆಲಿನವರೂ ಇಲ್ಲವೆನ್ನರು.

ಮೂರನೆಯ ಮಾದರಿಗೆ ಆರ್ಡರ್ ಮಾಡುವುದೆಂದರೆ ಶೋಧನೆಗೆ ಇಳಿದಂತೆ. ಖಾರಾಬಾತಿನಲ್ಲಿ ಹಸಿಮೆಣಸು, ಕರಿಬೇವು, ಗೋಡಂಬಿ ಅಡಗಿರುತ್ತವೆ. ಪೊಂಗಲ್ಲಿನ ಇಡಿ ಮೆಣಸಿನ ಕಾಳು ಏಳನೆಯ ತುತ್ತಿನವರೆಗೂ ಪತ್ತೆಯಾಗದು, ಏಳನೆಯದರಲ್ಲಿ ಮಗುವೇ ಪತ್ತೆಹಚ್ಚುತ್ತದೆ. ರವೆ ಇಡ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ತಮ್ಮ ಅಡುಗೆಮನೆಯಲ್ಲಿ ಹುಟ್ಟಿದ್ದೆಂದು ಎಂ.ಟಿ.ಆರ್.ನವರು ಹೇಳಿಕೊಳ್ಳುತ್ತಾರೆ. ಅಕ್ಕಿಯ ಬರಗಾಲದಲ್ಲೂ ಗೋಡಂಬಿಗೆ ಕೊರತೆಯಾಗಲಿಲ್ಲವೆಂದು ಕಾಣುತ್ತದೆ, ಮಧ್ಯದಲ್ಲಿ ಒಂದು ಕೂತೇ ಇರುತ್ತದೆ. ಅದು ನಿಮ್ಮ ಪಾಲು. ಇಡಿ ಗೋಡಂಬಿ, ಕಡಲೆಬೀಜ ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮೊಸರನ್ನದ ಮೇಲೆ ಅಲಂಕಾರಕ್ಕಿಟ್ಟ ದ್ರಾಕ್ಷಿಯೂ ಅಷ್ಟೆ. ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ.

ಪೂರಿಯ ಬಗ್ಗೆ ಎಚ್ಚರ. ಉಬ್ಬಿದ ಪೂರಿ ಮೇಜಿಗೆ ಬಂದಾಗ ಮಗುವಿಗಾಗುವ ಸಂತೋಷ ನಿಜಕ್ಕೂ ನೋಡುವಂಥದ್ದು. ಒಳಗೆ ಸುಡುವ ಹಬೆ ಇರುವುದರಿಂದ ದೊಡ್ಡವರೇ ಚುಚ್ಚಬೇಕು. ಚುಚ್ಚಿದಿರೋ, ‘ಚೆಂಡು ಒಡೆದೋಯ್ತು’ ಎಂದು ಅಳು ಶುರು. ಹೊಸ ಪೂರಿ ತರಿಸಿದರೆ ಅದನ್ನೂ ಚುಚ್ಚಬೇಕಾಗುತ್ತದೆ. ಇದಕ್ಕೆ ಪರಿಹಾರವಿಲ್ಲ.

ಬಳಕೆಯ ವೇಳೆ

ಗಂಡಹೆಂಡತಿ ಒಟ್ಟಿಗೆ ತಿನ್ನುವ ಆಸೆ ಬಿಡಿ. ಒಬ್ಬರು ತಿನ್ನುವಾಗ ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ಗಲ್ಲಾದ ಹಿಂದಿನ ದೇವರ ಫೋಟೋ, ಅದರ ಸುತ್ತ ಓಡುವ ಬಣ್ಣದ ದೀಪ, ರವೆ ಉಂಡೆಯ ಗಾಜಿನ ಕಪಾಟು ತೋರಿಸುತ್ತ ಸುತ್ತಬೇಕು. ಕಪಾಟಿನ ಮುಂದೆ ಹೆಚ್ಚು ಹೊತ್ತು ನಿಲ್ಲಬಾರದು.

ಮೊಬೈಲ್ ಕೊಡಬಹುದೆ? 2 ವರ್ಷದೊಳಗಿನವರಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಹೇಳಿದವರು ಭಾನುವಾರ ಒಂಬತ್ತೂವರೆಗೆ ಮಸಾಲೆದೋಸೆಗೆ ಕಾದ ಹಾಗಿಲ್ಲ. ಆದರೂ ಅವರ ಮಾತಿನಲ್ಲಿ ಹುರುಳಿದೆ, ಮತ್ತು ಹೋಟೆಲಿನಲ್ಲಿ ನೋಡಲು ಪರದೆಗಿಂತ ಚೆನ್ನಾದದ್ದು ಬೇಕಾದಷ್ಟಿದೆ. ಕಾಫಿಯನ್ನು ಮಾರುದ್ದ ಎತ್ತರದಿಂದ ಸುರಿಯುವುದನ್ನು ಕಂಡ ಮೇಲೆ ಯಾವ ಕಾರ್ಟೂನಿಗೂ ಬೆಲೆಯಿಲ್ಲ.

ಹೊರಗಿನ ನೆರವು ತಾನಾಗಿಯೇ ಬರುತ್ತದೆ. ‘ಕೊಡಿ ಮೇಡಮ್, ನೀವು ತಿನ್ನಿ, ಪಾಪೂನ ನಾನು ನೋಡ್ಕೋತೀನಿ. ಬಾರೋ ಪುಟ್ಟಾ, ದೋಸೆ ಹಾಕೋದು ತೋರಿಸ್ತೀನಿ’ ಎಂದು ಸಪ್ಲೈಯರ್ ಕೈ ಚಾಚಿದರೆ ಕೊಡಿ. ಮಕ್ಕಳ ಮೆನು, ಆಟದ ಮೂಲೆ ಇಲ್ಲದ ನಮ್ಮ ಹೋಟೆಲುಗಳು ಮಕ್ಕಳನ್ನು ಸುಧಾರಿಸುವುದು ಈ ಎರಡು ಕೈಗಳಿಂದಲೇ. ಊರಲ್ಲಿರುವ ತಮ್ಮ ಮಗುವಿನ ಫೋಟೋ ತೋರಿಸುವವರೂ ಉಂಟು. ಎಂಟೊಂಬತ್ತು ತಿಂಗಳ ಮಗುವಾದರೆ ಹೊಸ ಮುಖ ಕಂಡು ಕಿರುಚಬಹುದು. ಆ ವಯಸ್ಸಿನ ಗುಣ ಅದು, ಸಪ್ಲೈಯರಿನ ಮೀಸೆಯ ತಪ್ಪಲ್ಲ.

ಪಕ್ಕದ ಮೇಜಿನ ಅಜ್ಜಿಯ ನೆರವು ಬೇರೆ ತರಹದ್ದು. ‘ಫ್ಯಾನ್ ಕೆಳಗೆ ಕೂರಿಸಿದ್ದೀಯಲ್ಲಮ್ಮ, ಟೋಪಿ ಎಲ್ಲಿ?’ ಎಂದು ಆರಂಭವಾಗುತ್ತದೆ. ‘ಮರೆತು ಬಂದೆ ಅಜ್ಜಿ’ ಎಂದುಬಿಡಿ, ವಾದ ಬೇಡ. ‘ಅಳ್ತಿದ್ರೆ ನಾಲಿಗೆಗೆ ಒಂಚೂರು ಜೇನು ಸವರು’ ಎಂದರೆ ಮಾತ್ರ ಗಟ್ಟಿಯಾಗಿರಿ. ವರ್ಷದೊಳಗಿನ ಮಗುವಿಗೆ ಜೇನು ಕೂಡದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳಿಂದ ಬೊಟುಲಿಸಂ ಎಂಬ ಪ್ರಾಣಾಪಾಯದ ಕಾಯಿಲೆ ಬರಬಹುದು. ‘ಡಾಕ್ಟ್ರು ಬೇಡ ಅಂದಿದ್ದಾರೆ’ ಎಂದರೆ ಅಜ್ಜಿಯೂ ಸುಮ್ಮನಾಗುತ್ತಾರೆ, ಐದು ನಿಮಿಷ.

ದೋಷ ನಿವಾರಣೆ

ನೆಲದ ಮೇಲೆ ಉರುಳಿ ಅತ್ತರೆ: ಎತ್ತಿಕೊಂಡು ಹೊರಗೆ ಹೋಗಿ ಆಟೋ ಎಣಿಸಿ.

ತನ್ನ ತಟ್ಟೆಯ ಇಡ್ಲಿ ಬಿಟ್ಟು ನಿಮ್ಮ ತಟ್ಟೆಯ ಇಡ್ಲಿಗೇ ಕೈ ಹಾಕಿದರೆ: ತಟ್ಟೆ ಬದಲಾಯಿಸಿ. ಮತ್ತೆ ಬದಲಾಯಿಸಿ.

ಬಟ್ಟೆ ಬದಲಿಸುವ ಸನ್ನಿವೇಶ ಬಂದರೆ: ಊಟದ ಮೇಜಿನ ಮೇಲೆ ಎಂದಿಗೂ ಬೇಡ. ಕಾರಿನ ಸೀಟು, ಇಲ್ಲದಿದ್ದರೆ ಮ್ಯಾನೇಜರನ್ನು ಕೇಳಿ ಖಾಲಿ ಹಾಲ್.

ಬಳಕೆಯ ನಂತರ

ಮೇಜಿನಡಿಯ ದೊಡ್ಡ ತುಣುಕುಗಳನ್ನಾದರೂ ಆಯ್ದು ತಟ್ಟೆಗೆ ಹಾಕಿ ಏಳಿ. ಬಿಲ್ಲಿನ ತಟ್ಟೆಯಲ್ಲಿ ಬಿಟ್ಟ ಟಿಪ್ಸು ಸಪ್ಲೈಯರಿಗೆ ಹೋಗುತ್ತದೆ. ಕುರ್ಚಿಯ ಸಂದಿಯಿಂದ ಅನ್ನ ಕೆದಕುವ ಕ್ಲೀನರ್ ಬೇರೆಯವರು. ಅವರದ್ದು ಅವರ ಕೈಗೇ ಕೊಡಿ.

ಹೊರಡುವ ಮುನ್ನ ಗಲ್ಲಾದ ಬಳಿ ಒಂದು ಮಸಾಲೆದೋಸೆ ಪಾರ್ಸೆಲ್ ಹೇಳಿ. ನೀವು ತರಿಸಿದ್ದನ್ನು ನೀವು ತಿಂದಿಲ್ಲ. ಮನೆ ಮುಟ್ಟುವುದರೊಳಗೆ ದೋಸೆ ಮೆತ್ತಗಾಗುವುದು ಖಂಡಿತ, ಆದರೆ ಅಷ್ಟರಲ್ಲಿ ಮಗು ನಿದ್ದೆಹೋಗಿರುತ್ತದೆ. ಚಟ್ನಿ ಬೇರೆ ಕಟ್ಟಲು ಹೇಳಿ.